ಎರಡನೇ ಆಯ್ಕೆಗಾಗಿ ನಡೆಯುವ ವಾದ: ಅಯೋವಾ ಕಾಕಸ್ ಕೋಣೆಯ ಒಳಲೆಕ್ಕ

(ಅಮೆರಿಕದ ಪಕ್ಷಗಳು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಬಗೆಯ ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟುಕೊಳ್ಳಲಾಗಿದೆ.)

ಅಮೆರಿಕದ ಚುನಾವಣೆ ಅಂದ ಕೂಡಲೇ ನಮ್ಮ ಟೀವಿಯಲ್ಲಿ ಕಾಣುವುದು ನವೆಂಬರ್ ತಿಂಗಳ ಹಣಾಹಣಿ. ಒಬ್ಬ ಡೆಮಾಕ್ರಟ್, ಒಬ್ಬ ರಿಪಬ್ಲಿಕನ್, ಕೆಂಪು-ನೀಲಿ ನಕ್ಷೆ. ಆ ಇಬ್ಬರು ಯಾರಾಗಬೇಕು ಅನ್ನುವ ಜಗಳ ಅದಕ್ಕೆ ಹತ್ತು ತಿಂಗಳು ಮೊದಲೇ, ಒಂದೇ ಪಕ್ಷದ ಮನೆಯೊಳಗೆ ನಡೆದಿರುತ್ತದೆ. ನಮ್ಮಲ್ಲಿ ಈ ಕೆಲಸ ಹೈಕಮಾಂಡಿನದು. ಬಿ ಫಾರಂ ಯಾರ ಕೈಸೇರುತ್ತದೆ ಅನ್ನುವುದು ನಾಮಪತ್ರ ಸಲ್ಲಿಸುವ ಕೊನೆಯ ದಿನದವರೆಗೂ ಗೊತ್ತಾಗದೆ ಹೋಗುವುದುಂಟು. ಅಲ್ಲಿ ಅದು ಮತದಾರರ ಕೆಲಸ. ಹಾಗಾಗಿ ಒಂದೇ ಪಕ್ಷಕ್ಕೆ ಓಟು ಹಾಕುವ ಅಕ್ಕಪಕ್ಕದ ಮನೆಯವರು, ಗಂಡ ಹೆಂಡತಿ, ಅಪ್ಪ ಮಗಳು ಬೇರೆ ಬೇರೆ ಅಭ್ಯರ್ಥಿಯ ಪರವಾಗಿ ವಾದಕ್ಕೆ ನಿಲ್ಲುತ್ತಾರೆ.

ಈ ವಾದ ಎಲ್ಲ ರಾಜ್ಯಗಳಲ್ಲೂ ಒಂದೇ ಥರ ಇರುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಡೆಯುವುದು ಪ್ರೈಮರಿ, ಅಂದರೆ ಗುಪ್ತ ಮತದಾನ. ಅಲ್ಲಿ ವಾದವೆಲ್ಲ ಮನೆಯಲ್ಲಿ, ಕಚೇರಿಯಲ್ಲಿ, ಫೋನಿನಲ್ಲಿ ಮುಗಿದು ಮತಗಟ್ಟೆಯಲ್ಲಿ ಮೌನ. ಅಯೋವಾ ರಾಜ್ಯದ ಡೆಮಾಕ್ರಟಿಕ್ ಪಕ್ಷ 1972ರಿಂದ 2020ರವರೆಗೆ ಕಾಕಸ್ ಎಂಬ ಬಹಿರಂಗ ಸಭೆ ನಡೆಸಿ ಇದನ್ನು ತಲೆಕೆಳಗು ಮಾಡಿತ್ತು. ಅಲ್ಲಿ ವಾದ ಮಾಡುವುದೇ ಮತದಾನವಾಗಿತ್ತು. ಈ ಒಂದು ರಾಜ್ಯವನ್ನು ಹಿಡಿದು ನಾನು ಹೇಳಹೊರಟಿರುವುದು ಇಷ್ಟೇ: ಜನ ತಮ್ಮ ಅಭ್ಯರ್ಥಿಯ ಪರವಾಗಿ ಹೇಗೆ ಮಾತಾಡುತ್ತಾರೆ, ಎದುರಾಳಿಯನ್ನು ಬೈಯುತ್ತಾರೋ ಹೊಗಳುತ್ತಾರೋ ಅನ್ನುವುದನ್ನು ಅವರ ಸಂಸ್ಕಾರಕ್ಕಿಂತ ಹೆಚ್ಚಾಗಿ ಮತ ಎಣಿಸುವ ನಿಯಮ ನಿರ್ಧರಿಸುತ್ತದೆ.

ಮೊದಲು ಹಿನ್ನೆಲೆ, ಚುಟುಕಾಗಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಷಿಕಾಗೋ ಸಮಾವೇಶದ ಹೊರಗೆ ಬೀದಿ ಕಾಳಗವೇ ನಡೆಯಿತು. ಆಮೇಲೆ ಬಂದ ಸುಧಾರಣೆಯ ನಿಯಮಗಳು, ಆಯ್ಕೆಯ ಪ್ರತಿ ಹಂತವೂ ಸಾಕಷ್ಟು ಮುಂಚೆ ತಿಳಿಸಿ ಬಹಿರಂಗವಾಗಿ ನಡೆಯಬೇಕು ಎಂದವು. ಅಯೋವಾದಲ್ಲಿ ಹಂತಗಳು ನಾಲ್ಕು: ಪ್ರೆಸಿಂಕ್ಟ್, ಅಂದರೆ ಒಂದು ಮತಗಟ್ಟೆಯ ವ್ಯಾಪ್ತಿ, ನಮ್ಮ ಜಿಲ್ಲೆಯಂಥ ಕೌಂಟಿ, ಲೋಕಸಭಾ ಕ್ಷೇತ್ರದಂಥ ಕಾಂಗ್ರೆಸ್ ಕ್ಷೇತ್ರ, ರಾಜ್ಯ. ಒಂದಕ್ಕೊಂದು ಕನಿಷ್ಠ 30 ದಿನ ಅಂತರ. ಕಾಗದಪತ್ರಗಳ ಪ್ರತಿ ತೆಗೆಯಲು ಪಕ್ಷದ ಕಚೇರಿಯಲ್ಲಿದ್ದದ್ದು ನಿಧಾನದ ಸೈಕ್ಲೋಸ್ಟೈಲ್ ಯಂತ್ರ. ರಾಜ್ಯ ಸಮಾವೇಶದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದಾಗ ಮೊದಲ ಹಂತ 1972ರ ಜನವರಿ 24ಕ್ಕೆ ಬಂದು ನಿಂತಿತು. ಇಡೀ ದೇಶದಲ್ಲಿ ಅದಕ್ಕಿಂತ ಮೊದಲು ಯಾರೂ ಇಲ್ಲ! ದೇಶಕ್ಕೆ ಮೊದಲಿಗರಾಗಬೇಕು ಎಂದು ಹೂಡಿದ ಆಟವಲ್ಲ ಅದು, ಕ್ಯಾಲೆಂಡರಿನ ಲೆಕ್ಕ. ನಾಲ್ಕು ವರ್ಷದ ಮೇಲೆ ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಇಲ್ಲಿ ಸುಮಾರು ಶೇ. 28 ಪಡೆದರು. ‘ಇನ್ನೂ ಯಾರೆಂದು ತೀರ್ಮಾನಿಸಿಲ್ಲ’ ಎಂದವರು ಶೇ. 37. ಹಾಗೆ ನೋಡಿದರೆ ಕಾರ್ಟರ್ ಗೆದ್ದದ್ದು ಎರಡನೇ ಸ್ಥಾನವನ್ನು. ಆದರೂ ಪತ್ರಿಕೆಗಳ ಮೊದಲ ಪುಟ ಅವರದಾಯಿತು, ವರ್ಷದ ಕೊನೆಗೆ ಅಧ್ಯಕ್ಷ ಪದವಿಯೂ ಬಂತು. ಅಲ್ಲಿಂದ ಮುಂದೆ ಅಧ್ಯಕ್ಷರಾಗಬೇಕೆಂದವರೆಲ್ಲ ಅಯೋವಾದ ಜೋಳದ ಹೊಲಗಳ ದಾರಿ ಹಿಡಿದರು.

ತೂಕದ ಲೆಕ್ಕದಲ್ಲಿ ಅಯೋವಾ ಏನೇನೂ ಅಲ್ಲ. ಅಭ್ಯರ್ಥಿಯನ್ನು ಕೊನೆಗೆ ಆರಿಸುವುದು ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು. 2020ರಲ್ಲಿ ದೇಶದಲ್ಲಿದ್ದ 3,979 ನಿಗದಿತ ಡೆಲಿಗೇಟ್‌ಗಳಲ್ಲಿ ಅಯೋವಾದ ಪಾಲು 41.

ಕೋಣೆಯೊಳಗೆ ನಡೆಯುತ್ತಿದ್ದದ್ದೇನು

2020ರವರೆಗೆ ನಡೆದ ಬಗೆಯನ್ನು ಕಣ್ಣೆದುರೇ ನಡೆಯುತ್ತಿರುವಂತೆ ಹೇಳುತ್ತೇನೆ. ಸಂಜೆ 7 ಗಂಟೆ. ಚಳಿಗಾಲದ ನಡುವೆ, ಸಾಮಾನ್ಯವಾಗಿ ಸೋಮವಾರ. ಜಾಗ ಶಾಲೆಯ ಜಿಮ್ ಆಗಿರಬಹುದು, ಚರ್ಚಿನ ನೆಲಮಾಳಿಗೆ, ಗ್ರಂಥಾಲಯ, ಅಗ್ನಿಶಾಮಕ ಠಾಣೆ ಆಗಿರಬಹುದು. 99 ಕೌಂಟಿಗಳಲ್ಲಿ ಇಂಥ ಸಾವಿರದ ಆರುನೂರಕ್ಕೂ ಹೆಚ್ಚು ಪ್ರೆಸಿಂಕ್ಟ್‌ಗಳು, ಎಲ್ಲ ಕಡೆ ಒಂದೇ ಹೊತ್ತಿಗೆ ಸಭೆ. 7 ಗಂಟೆಗೆ ಸಾಲಿನಲ್ಲಿ ನಿಂತಿದ್ದರೆ ಒಳಗೆ ಪ್ರವೇಶವಿದೆ, ಐದು ನಿಮಿಷ ತಡವಾಗಿ ಬಂದರೆ ಇಲ್ಲ. ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡಿರಬೇಕು, ಆದರೆ ಅಲ್ಲೇ ಬಾಗಿಲಲ್ಲಿ ಫಾರಂ ತುಂಬಿ ನೋಂದಾಯಿಸಬಹುದು. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವುದಾದರೆ 17ರ ಹುಡುಗ ಹುಡುಗಿಯರಿಗೂ ಅವಕಾಶ.

ಸಭೆಯ ಯಜಮಾನಿಕೆ ಒಬ್ಬ ಅಧ್ಯಕ್ಷರದು. ಸಂಬಳವಿಲ್ಲದ ಪಕ್ಷದ ಕಾರ್ಯಕರ್ತರು ಅವರು, ಅನೇಕ ಸಲ ಅದೇ ಬೀದಿಯವರು. ಬಂದವರ ತಲೆ ಎಣಿಸಿ ಸಂಖ್ಯೆಯನ್ನು ಜೋರಾಗಿ ಹೇಳುತ್ತಾರೆ. ಮುಂದಿನ ಲೆಕ್ಕವೆಲ್ಲ ಈ ಸಂಖ್ಯೆಯ ಮೇಲೆ ನಿಂತಿರುವುದರಿಂದ ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಪ್ರತಿ ಅಭ್ಯರ್ಥಿಯ ಪರವಾಗಿ ಒಬ್ಬೊಬ್ಬರು ಒಂದೆರಡು ನಿಮಿಷ ಮಾತಾಡುತ್ತಾರೆ. ನಂತರ ಜನ ಎದ್ದು ತಂತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲುತ್ತಾರೆ. ತೀರ್ಮಾನಿಸದವರಿಗೂ ಒಂದು ಮೂಲೆಯಿದೆ. ಇದು ಮೊದಲ ಸುತ್ತು.

ಈಗ ಜರಡಿ. ಮುಂದಿನ ಹಂತವಾದ ಕೌಂಟಿ ಸಮಾವೇಶಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಡೆಲಿಗೇಟ್‌ಗಳನ್ನು ಆರಿಸುವ ಪ್ರೆಸಿಂಕ್ಟ್‌ನಲ್ಲಿ ಒಂದು ಗುಂಪು ಉಳಿಯಬೇಕಾದರೆ ಬಂದವರ ಪೈಕಿ ಕನಿಷ್ಠ ಶೇ. 15 ಜನ ಅಲ್ಲಿ ನಿಂತಿರಬೇಕು. ಮೂರು ಡೆಲಿಗೇಟ್ ಇದ್ದರೆ ಆರರಲ್ಲಿ ಒಂದು ಪಾಲು, ಎರಡಿದ್ದರೆ ಶೇ. 25. ಒಬ್ಬರೇ ಡೆಲಿಗೇಟ್ ಆದರೆ ಮಿತಿಯ ಮಾತಿಲ್ಲ, ಬಹುಮತ ಬಂದವರದು. ಭಿನ್ನರಾಶಿ ಬಂದರೆ ಯಾವಾಗಲೂ ಮೇಲಿನ ಪೂರ್ಣ ಸಂಖ್ಯೆ. 18.15 ಬಂದರೆ ಬೇಕಾದದ್ದು 19 ಜನ, 18 ಸಾಲದು.

ಮಿತಿ ಮುಟ್ಟದ ಗುಂಪಿನವರಿಗೆ ದಾರಿ ನಾಲ್ಕು. ಉಳಿದ ಗುಂಪಿಗೆ ಸೇರಬಹುದು. ತಮ್ಮಂತೆ ಸೋತ ಇನ್ನೊಂದು ಗುಂಪಿನ ಜೊತೆ ಕೂಡಿ ಇಬ್ಬರಲ್ಲಿ ಒಬ್ಬ ಅಭ್ಯರ್ಥಿಯನ್ನು ಉಳಿಸಬಹುದು. ತೀರ್ಮಾನಿಸದವರ ಮೂಲೆಗೆ ಹೋಗಬಹುದು. ಕೋಟು ಹಾಕಿಕೊಂಡು ಮನೆಗೆ ಹೋಗಬಹುದು. 2020ರಲ್ಲಿ ಇದಕ್ಕೆ ಕೊಟ್ಟ ಸಮಯ 15 ನಿಮಿಷ. ಮತದಾರ ಮತದಾರನಿಗೆ ಮುಖಾಮುಖಿಯಾಗಿ, ಅಲ್ಲೇ ಫಲಿತಾಂಶ ಬದಲಾಗುವಂತೆ ವಾದ ಮಾಡುತ್ತಿದ್ದದ್ದು ಈ ಕಾಲು ಗಂಟೆಯಲ್ಲಿ.

ಹಲಗೆಯ ಮೇಲೆ ಒಂದು ಲೆಕ್ಕ ಹಾಕೋಣ

ಇದು ತಿಳಿವಳಿಕೆಗಾಗಿ ಕಟ್ಟಿದ ಲೆಕ್ಕ, ಹೆಸರುಗಳ ಬದಲು ಅಕ್ಷರ ಇಡುತ್ತೇನೆ. ಬಂದವರು 121 ಜನ, ಆರಿಸಬೇಕಾದ ಡೆಲಿಗೇಟ್ 6. ಮಿತಿ 19. ಮೊದಲ ಸುತ್ತಿನಲ್ಲಿ ‘ಕ’ ಮೂಲೆಯಲ್ಲಿ 40 ಜನ, ‘ಖ’ 31, ‘ಗ’ 22, ‘ಘ’ 16, ‘ಙ’ 8, ತೀರ್ಮಾನಿಸದವರು 4. ಮೊದಲ ಮೂರು ಗುಂಪು ಉಳಿದವು. 28 ಜನ ಅತಂತ್ರ.

‘ಘ’ಗೆ ಇನ್ನು ಮೂರೇ ಜನ ಬೇಕು. ‘ಙ’ನಿಂದ ಮೂವರು, ತೀರ್ಮಾನಿಸದವರಿಂದ ಇಬ್ಬರು ಬಂದರು ಅನ್ನಿ, ‘ಘ’ 21 ಆಯಿತು. ಮಿಕ್ಕವರಲ್ಲಿ ಮೂವರು ‘ಖ’ಗೆ, ಒಬ್ಬರು ‘ಗ’ಗೆ, ಒಬ್ಬರು ‘ಕ’ಗೆ ಸೇರಿದರು, ಇಬ್ಬರು ಮನೆಗೆ ಹೋದರು. ಈಗ ಸೂತ್ರ: ಗುಂಪಿನ ಜನರನ್ನು ಡೆಲಿಗೇಟ್ ಸಂಖ್ಯೆಯಿಂದ ಗುಣಿಸಿ, ಮೊದಲು ಎಣಿಸಿದ ಒಟ್ಟು ಹಾಜರಾತಿಯಿಂದ ಭಾಗಿಸಿ. ‘ಕ’ 41 ಗುಣಿಸು 6, ಭಾಗಿಸು 121, ಬಂದದ್ದು 2.03. ‘ಖ’ 34ಕ್ಕೆ 1.69. ‘ಗ’ 23ಕ್ಕೆ 1.14. ‘ಘ’ 21ಕ್ಕೆ 1.04. ಅರ್ಧ ಮತ್ತು ಅದಕ್ಕಿಂತ ಹೆಚ್ಚಾದದ್ದನ್ನು ಮೇಲಕ್ಕೆ, ಕಡಿಮೆಯದನ್ನು ಕೆಳಕ್ಕೆ ಸರಿಸಿದರೆ 2, 2, 1, 1.

ಆ ಮೂವರು ‘ಘ’ ಕಡೆ ಬರದೇ ಹೋಗಿದ್ದರೆ? ‘ಘ’ ಗುಂಪು ಒಡೆಯುತ್ತಿತ್ತು. 28 ಜನರಲ್ಲಿ ಆರು ಜನ ‘ಕ’ಗೆ, ಹತ್ತು ‘ಖ’ಗೆ, ಹತ್ತು ‘ಗ’ಗೆ ಹೋಗಿ ಇಬ್ಬರು ಮನೆಗೆ ನಡೆದರು ಅಂದುಕೊಳ್ಳಿ. ‘ಗ’ 32 ಆಗಿ 1.59, ಅಂದರೆ ಎರಡು ಡೆಲಿಗೇಟ್. ಫಲಿತಾಂಶ 2, 2, 2. ಮೂರು ಜನರ ಹೆಜ್ಜೆಯಿಂದ ಒಂದು ಡೆಲಿಗೇಟ್ ‘ಗ’ ಕೈತಪ್ಪಿ ‘ಘ’ಗೆ ದಕ್ಕಿತು.

ಇನ್ನೊಂದು ಸೂಕ್ಷ್ಮ ಇದೆ, ಅನುಭವಸ್ಥ ಕಾರ್ಯಕರ್ತರು ಮೊದಲು ನೋಡುವುದೇ ಇದನ್ನು. ‘ಕ’ಗೆ ಮೂರನೇ ಡೆಲಿಗೇಟ್ ಬೇಕಾದರೆ 2.5 ಮುಟ್ಟಬೇಕು, ಅಂದರೆ 51 ಜನ ಬೇಕು. ಎರಡನ್ನು ಉಳಿಸಿಕೊಳ್ಳಲು 31 ಸಾಕು. ಮೊದಲ ಸುತ್ತಿನ 40 ಜನರಲ್ಲಿ ಒಂಬತ್ತು ಜನ ನಿಂತರೂ ಒಂದೇ, ಹೋದರೂ ಒಂದೇ. 2016ರವರೆಗಿನ ನಿಯಮದಲ್ಲಿ ಉಳಿದ ಗುಂಪಿನವರೂ ಜಾಗ ಬದಲಿಸಬಹುದಿತ್ತು. ‘ಕ’ ಮುಖಂಡ ಜಾಣನಾಗಿದ್ದರೆ ತನ್ನ ಮೂವರನ್ನು ‘ಘ’ ಮೂಲೆಗೆ ಸಾಲ ಕೊಟ್ಟು, ತನಗೆ ನಿಜವಾದ ಪೈಪೋಟಿ ಕೊಡುವ ‘ಗ’ಗೆ ಎರಡನೇ ಡೆಲಿಗೇಟ್ ಸಿಗದಂತೆ ಮಾಡುತ್ತಿದ್ದ. ಪ್ರಚಾರ ತಂಡಗಳು ಪ್ರತಿ ಪ್ರೆಸಿಂಕ್ಟ್‌ಗೆ ಒಬ್ಬ ಕ್ಯಾಪ್ಟನ್ ಇಟ್ಟು ಈ ಲೆಕ್ಕ ಕಲಿಸುತ್ತಿದ್ದದ್ದು ಇದಕ್ಕೇ. 2020ರಲ್ಲಿ ಇದಕ್ಕೆ ಬೀಗ ಬಿತ್ತು. ಮೊದಲ ಸುತ್ತಿನಲ್ಲಿ ಮಿತಿ ದಾಟಿದ ಗುಂಪಿನವರು ಅಲ್ಲಿಂದ ಕದಲುವಂತಿಲ್ಲ ಎಂದಾಯಿತು. ಒಳ್ಳೆಯ ಬದಲಾವಣೆ ಅಂತಲೇ ನನ್ನ ಅಭಿಪ್ರಾಯ. ತನ್ನ ಮತವನ್ನು ತಾನೇ ನಂಬದ ಅಭ್ಯರ್ಥಿಗೆ ಕೊಡುವಂತೆ ಮತದಾರನನ್ನು ಪಗಡೆಕಾಯಿ ಮಾಡುವುದು ಜಾಣತನವೇ ಹೊರತು ಪ್ರಜಾಪ್ರಭುತ್ವ ಅಲ್ಲ.

ಸರಿಸಿದ ಮೇಲೆ ಒಟ್ಟು ಏಳು ಬಂದರೆ ಏನು ಮಾಡುವುದು? ಅರ್ಧವನ್ನು ಕೂದಲೆಳೆಯಲ್ಲಿ ದಾಟಿ ಮೇಲಕ್ಕೆ ಹೋದ ಗುಂಪಿನಿಂದ ಒಂದು ಕಳೆಯಬೇಕು. ಆದರೆ ಇದ್ದ ಒಂದೇ ಡೆಲಿಗೇಟನ್ನು ಯಾವ ಗುಂಪಿನಿಂದಲೂ ಕಿತ್ತುಕೊಳ್ಳುವಂತಿಲ್ಲ. ಐದೇ ಬಂದರೆ, ಕೆಳಕ್ಕೆ ಸರಿದವರಲ್ಲಿ ಅರ್ಧಕ್ಕೆ ತೀರಾ ಹತ್ತಿರವಿದ್ದವರಿಗೆ ಒಂದು ಕೂಡಿಸಬೇಕು. ಸಮಸಮ ಬಂದರೆ ನಾಣ್ಯ ಚಿಮ್ಮುವುದು.

ಹಾಗಾದರೆ ವಾದ ಎಂಥದ್ದು

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಆ ಕಾಲು ಗಂಟೆಯನ್ನು ನೋಡಿ. ‘ಘ’ ಕಡೆಯ ಹೆಂಗಸೊಬ್ಬಳು ‘ಙ’ ಮೂಲೆಗೆ ನಡೆದು ಬರುತ್ತಾಳೆ. ಅಲ್ಲಿ ನಿಂತ ಎಂಟು ಜನ ಒಂದು ವರ್ಷದಿಂದ ‘ಙ’ಗಾಗಿ ಮನೆ ಮನೆ ತಿರುಗಿದವರು, ಈಗಷ್ಟೇ ಸೋತವರು. ಅವರ ಮುಂದೆ ‘ನಿಮ್ಮವನು ಗೆಲ್ಲುವ ಕುದುರೆ ಆಗಿರಲಿಲ್ಲ ಬಿಡಿ’ ಎಂದರೆ ಮುಗಿಯಿತು, ಒಬ್ಬರೂ ಕದಲುವುದಿಲ್ಲ. ಕೆಲಸಕ್ಕೆ ಬರುವ ಮಾತು ಬೇರೆ. ಮೊದಲು ಅವರ ಅಭ್ಯರ್ಥಿಯಲ್ಲಿ ಅವರಿಗೆ ಇಷ್ಟವಾದದ್ದೇನು ಅಂತ ಕೇಳುವುದು. ಅದೇ ವಿಷಯದಲ್ಲಿ ತನ್ನ ಅಭ್ಯರ್ಥಿ ಏನು ಹೇಳಿದ್ದಾರೆ ಎಂದು ತೋರಿಸುವುದು. ಆಮೇಲೆ ಲೆಕ್ಕ: ‘ನಮಗೆ ಕಡಿಮೆ ಬಿದ್ದಿರುವುದು ಮೂರೇ ಜನ, ನೀವು ‘ಕ’ ಮೂಲೆಗೆ ಹೋದರೆ ಅವರಿಗೆ ಏನೂ ಕೂಡುವುದಿಲ್ಲ, ಇಲ್ಲಿಗೆ ಬಂದರೆ ಒಂದು ಡೆಲಿಗೇಟ್ ಹುಟ್ಟುತ್ತದೆ.’ ಅದಕ್ಕೂ ಬಗ್ಗದಿದ್ದರೆ ಚೌಕಾಸಿ. ‘ನಮಗೆ ಸಿಗುವ ಡೆಲಿಗೇಟ್ ಸ್ಥಾನ ನಿಮ್ಮವರೊಬ್ಬರಿಗೆ, ಕೌಂಟಿ ಸಮಾವೇಶಕ್ಕೆ ನೀವೇ ಹೋಗಿ.’ ಇದು ನಿಯಮಬಾಹಿರವಲ್ಲ, ಮಾಮೂಲು.

2020ರ ಫೆಬ್ರವರಿ 3ರ ರಾತ್ರಿ ವಾದದ ವಸ್ತು ಏನಿತ್ತು ಎಂದರೆ, ಎಲ್ಲಕ್ಕಿಂತ ಮೇಲೆ ಆರೋಗ್ಯ ವಿಮೆ. ಬರ್ನಿ ಸ್ಯಾಂಡರ್ಸ್ ಮತ್ತು ಎಲಿಜಬೆತ್ ವಾರನ್ ಎಲ್ಲರಿಗೂ ಒಂದೇ ಸರ್ಕಾರಿ ವಿಮೆ ಎನ್ನುತ್ತಿದ್ದರು. ಪೀಟ್ ಬುಟಿಜೆಜ್, ಜೋ ಬೈಡನ್, ಏಮಿ ಕ್ಲೋಬುಚಾರ್ ಅವರದು ಸರ್ಕಾರಿ ವಿಮೆಯೂ ಇರಲಿ, ಬೇಕಾದವರು ಖಾಸಗಿಯದನ್ನು ಇಟ್ಟುಕೊಳ್ಳಲಿ ಎಂಬ ದಾರಿ. ಆಂಡ್ರ್ಯೂ ಯಾಂಗ್ ಪ್ರತಿ ವಯಸ್ಕರಿಗೆ ತಿಂಗಳಿಗೆ 1,000 ಡಾಲರ್ ಎಂದರು. ವಾರನ್ 5 ಕೋಟಿ ಡಾಲರ್ ಮೀರಿದ ಆಸ್ತಿಗೆ ಶೇ. 2 ತೆರಿಗೆ ಎಂದರು. ಇದೆಲ್ಲದರ ಮೇಲೆ ಇನ್ನೊಂದು ಪ್ರಶ್ನೆ: ಟ್ರಂಪ್ ಅವರನ್ನು ಸೋಲಿಸಬಲ್ಲವರು ಯಾರು? ಈ ಪ್ರಶ್ನೆಯ ತೊಂದರೆ ಏನೆಂದರೆ ಇದಕ್ಕೆ ಪುರಾವೆ ಇಲ್ಲ. ತನಗೆ ಯಾರು ಇಷ್ಟ ಎಂಬುದನ್ನು ಬಿಟ್ಟು, ಪಕ್ಕದ ರಾಜ್ಯದ ಕಾಣದ ಮತದಾರನಿಗೆ ಯಾರು ಇಷ್ಟವಾಗಬಹುದು ಎಂದು ಊಹಿಸುತ್ತಾ ಕೂರುವುದು. ಆ ಊಹೆಯಲ್ಲಿ ಎಲ್ಲರೂ ತಮ್ಮ ಅಭ್ಯರ್ಥಿಯನ್ನೇ ಕಾಣುತ್ತಾರೆ, ಹೀಗಾಗಿ ವಾದ ಸುತ್ತುತ್ತಲೇ ಇರುತ್ತದೆ.

ಎರಡನೇ ಸುತ್ತು ಏನು ಮಾಡಿತು ನೋಡಿ. ರಾಜ್ಯದ ಒಟ್ಟು ಲೆಕ್ಕದಲ್ಲಿ ಸ್ಯಾಂಡರ್ಸ್ ಶೇ. 24.7ರಿಂದ 26.5ಕ್ಕೆ ಏರಿದರು. ಬುಟಿಜೆಜ್ 21.3ರಿಂದ 25.1ಕ್ಕೆ ಜಿಗಿದರು. ಬೈಡನ್ ಸುಮಾರು 15ರಿಂದ 14ರ ಕೆಳಕ್ಕೆ ಇಳಿದರು. ಯಾಂಗ್ 5ರಿಂದ 1ಕ್ಕೆ ಕುಸಿದರು. ಬುಟಿಜೆಜ್ ಹೆಚ್ಚು ಜನರ ಎರಡನೇ ಆಯ್ಕೆಯಾಗಿದ್ದರು, ಯಾರ ಕಣ್ಣಿಗೂ ಅಷ್ಟಾಗಿ ಚುಚ್ಚದವರು. ಬೈಡನ್ ಸಂಕಷ್ಟ ಬೇರೆ ಬಗೆಯದು. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಜನ, ಆದರೆ ಎಷ್ಟೋ ಕೋಣೆಗಳಲ್ಲಿ ಮಿತಿಗೆ ಒಂದಿಬ್ಬರು ಕಡಿಮೆ. ಈ ಪದ್ಧತಿ ಅಂಥವರನ್ನು ನಿರ್ದಯವಾಗಿ ಕೊರೆಯುತ್ತದೆ. ಅದೇ ಬೈಡನ್ ಆ ವರ್ಷ ಅಭ್ಯರ್ಥಿಯೂ ಆದರು, ಅಧ್ಯಕ್ಷರೂ ಆದರು ಅನ್ನುವುದು ಅಯೋವಾದ ಭವಿಷ್ಯವಾಣಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನೂ ಹೇಳುತ್ತದೆ.

ಎದುರಾಳಿಯನ್ನು ಬೈದರೆ ಏನಾಗುತ್ತದೆ ಅನ್ನುವುದಕ್ಕೆ ಅಲ್ಲಿನವರು ಈಗಲೂ ಕೊಡುವ ಉದಾಹರಣೆ 2004ರದು. ಮುಂಚೂಣಿಯಲ್ಲಿದ್ದ ಹವರ್ಡ್ ಡೀನ್ ಮತ್ತು ಡಿಕ್ ಗೆಪ್‌ಹಾರ್ಟ್ ಜಾಹೀರಾತುಗಳಲ್ಲಿ ಒಬ್ಬರನ್ನೊಬ್ಬರು ಜಾಲಾಡಿದರು. ಜನವರಿ 19ರ ರಾತ್ರಿ ಡೀನ್‌ಗೆ ಶೇ. 18, ಗೆಪ್‌ಹಾರ್ಟ್‌ಗೆ 11. ಜಗಳದಿಂದ ದೂರ ನಿಂತ ಜಾನ್ ಕೆರಿಗೆ 38, ಜಾನ್ ಎಡ್ವರ್ಡ್ಸ್‌ಗೆ 32. ಬರೀ ಬೈಗುಳವೇ ಕಾರಣ ಎಂದರೆ ಅತಿ ಸರಳವಾಗುತ್ತದೆ; ಕೆರಿ ಕೊನೆಯ ವಾರಗಳಲ್ಲಿ ಚೆನ್ನಾಗಿಯೇ ಸಂಘಟಿಸಿದ್ದರು. ಆದರೆ ಡೀನ್ ಮೂಲೆ ಒಡೆದ ಕಡೆ ಅವರ ಜನ ಗೆಪ್‌ಹಾರ್ಟ್ ಕಡೆ ಹೋಗಲು ಮನಸ್ಸು ಮಾಡಲಿಲ್ಲ ಎಂದರೆ ಆಶ್ಚರ್ಯವೇನಿಲ್ಲ. ಅದೇ ವರ್ಷ ಡೆನಿಸ್ ಕುಸಿನಿಚ್ ಮೊದಲೇ ಒಪ್ಪಂದ ಮಾಡಿಕೊಂಡು, ತಾವು ಮಿತಿ ಮುಟ್ಟದ ಕಡೆ ಎಡ್ವರ್ಡ್ಸ್ ಮೂಲೆಗೆ ಹೋಗಿ ಎಂದು ಬೆಂಬಲಿಗರಿಗೆ ಹೇಳಿದರು. 2008ರಲ್ಲಿ ಇದೇ ಕುಸಿನಿಚ್ ಎರಡನೇ ಆಯ್ಕೆಯಾಗಿ ಒಬಾಮಾ ಹೆಸರು ಹೇಳಿದರು. ಆ ರಾತ್ರಿ ಒಬಾಮಾಗೆ ಶೇ. 37.6, ಎಡ್ವರ್ಡ್ಸ್‌ಗೆ 29.7, ಹಿಲರಿ ಕ್ಲಿಂಟನ್‌ಗೆ 29.5. ಸುಮಾರು 2,39,000 ಜನ ಬಂದಿದ್ದರು, ಕಾಕಸ್‌ನ ದಾಖಲೆ ಅದು.

ಪ್ರಚಾರ ಕಾರ್ಯಕರ್ತರ ಪುಸ್ತಕದಲ್ಲೂ ಈ ನಿಯಮ ಕಾಣುತ್ತದೆ. ಮನೆಗೆ ಬಂದವರು ನಿಮಗೆ 1ರಿಂದ 5ರವರೆಗೆ ಅಂಕ ಹಾಕಿಕೊಂಡು ಹೋಗುತ್ತಾರೆ. 1 ಎಂದರೆ ಕಟ್ಟಾ ಬೆಂಬಲಿಗ, 5 ಎಂದರೆ ಎದುರು ಪಾಳಯ. ಬೇರೆ ರಾಜ್ಯದಲ್ಲಿ 4-5ರ ಮನೆಗೆ ಮತ್ತೆ ಕಾಲಿಡುವುದಿಲ್ಲ. ಅಯೋವಾದಲ್ಲಿ ಇನ್ನೊಂದು ಕಾಲಂ ಇತ್ತು: ಎರಡನೇ ಆಯ್ಕೆ ಯಾರು? ಸಣ್ಣ ಅಭ್ಯರ್ಥಿಯ ಕಟ್ಟಾ ಬೆಂಬಲಿಗನ ಮನೆಗೂ ಹೋಗಿ ವಿನಯವಾಗಿ ಮಾತಾಡಿ ಬರಬೇಕಿತ್ತು.

ಎಣಿಕೆ ಎಲ್ಲೆಲ್ಲಿ ಕೆಡುತ್ತದೆ

2016ರಲ್ಲಿ ಏಮ್ಸ್ ಊರಿನ ಒಂದು ಪ್ರೆಸಿಂಕ್ಟ್. ಬಾಗಿಲಲ್ಲಿ ದಾಖಲಾದವರು 484. ಮೂಲೆಗಳಲ್ಲಿ ಎಣಿಸಿದಾಗ ಕ್ಲಿಂಟನ್ 240, ಸ್ಯಾಂಡರ್ಸ್ 179, ಓಮ್ಯಾಲಿ 5. ಕೂಡಿದರೆ 424. ಅರವತ್ತು ಜನ ಎಲ್ಲಿ? ಎದ್ದು ಹೋದರೋ, ಎಣಿಕೆಯೇ ತಪ್ಪೋ ತಿಳಿಯಲಿಲ್ಲ. ಡೆಲಿಗೇಟ್ 8. ಸೂತ್ರ ಹಾಕಿ ನೋಡಿ: ಕ್ಲಿಂಟನ್ 3.97, ಅಂದರೆ 4, ಸ್ಯಾಂಡರ್ಸ್ 2.96, ಅಂದರೆ 3. ಒಂದು ಅನಾಥ. ಇಬ್ಬರದೂ ಆಗಲೇ ಮೇಲಕ್ಕೆ ಸರಿದಿದೆ, ಕೂಡಿಸಲು ಭಿನ್ನರಾಶಿಯೇ ಇಲ್ಲ. ನಾಣ್ಯ ಚಿಮ್ಮಿದರು, ಕ್ಲಿಂಟನ್‌ಗೆ ಹೋಯಿತು. ಆ ರಾತ್ರಿ ರಾಜ್ಯದ ಒಟ್ಟು ಫಲಿತಾಂಶ ಕ್ಲಿಂಟನ್ ಶೇ. 49.8, ಸ್ಯಾಂಡರ್ಸ್ 49.6. ಹೀಗಾಗಿ ನಾಣ್ಯದ ವಿಡಿಯೊ ನೋಡಿದವರಿಗೆಲ್ಲ ಚುನಾವಣೆಯೇ ಜೂಜು ಅನ್ನಿಸಿತು. ಲೆಕ್ಕದ ಪ್ರಕಾರ ಕೌಂಟಿ ಮಟ್ಟದ ಒಂದು ಡೆಲಿಗೇಟ್ ತೀರಾ ಸಣ್ಣದು. ಅಂಥವರು ರಾಜ್ಯದಲ್ಲಿ ಹನ್ನೊಂದು ಸಾವಿರದಷ್ಟು. ನಿಜವಾದ ದೋಷ ನಾಣ್ಯದ್ದಲ್ಲ, ಕಾಣೆಯಾದ ಅರವತ್ತು ಜನರದು. ಮರು ಎಣಿಕೆಗೆ ಕಾಗದದ ಕುರುಹೇ ಇರಲಿಲ್ಲ.

ಅದಕ್ಕಾಗಿ 2020ರಲ್ಲಿ ಎರಡು ಬದಿಯ ಚೀಟಿ ತಂದರು. ಒಂದು ಬದಿ ಮೊದಲ ಆಯ್ಕೆ, ಇನ್ನೊಂದು ಬದಿ ಕೊನೆಯ ಆಯ್ಕೆ, ಕೆಳಗೆ ಸಹಿ. ಪ್ರಕಟಿಸುವ ಸಂಖ್ಯೆಯೂ ಒಂದರ ಬದಲು ಮೂರಾಯಿತು: ಮೊದಲ ಸುತ್ತು, ಕೊನೆಯ ಸುತ್ತು, ಡೆಲಿಗೇಟ್ ಲೆಕ್ಕ. ಒಳ್ಳೆಯದೇ. ಆದರೆ ದಿನವಿಡೀ ಕೆಲಸ ಮಾಡಿ ಬಂದ ಸ್ವಯಂಸೇವಕ ಅಧ್ಯಕ್ಷರ ಮೇಲೆ ಬಿದ್ದ ಅಂಕಗಣಿತ ಮೂರು ಪಟ್ಟಾಯಿತು. ಫಲಿತಾಂಶ ಕಳಿಸಲು ತರಾತುರಿಯಲ್ಲಿ ಮಾಡಿಸಿದ ಆ್ಯಪ್ ಕೊಟ್ಟರು. ಅನೇಕರಿಗೆ ಲಾಗಿನ್ ಆಗಲೇ ಇಲ್ಲ. ಆದವರ ಅಂಕಿಗಳನ್ನೂ ಅದು ಅರ್ಧಂಬರ್ಧ ಮುಂದಕ್ಕೆ ದಾಟಿಸಿತು. ಎಲ್ಲರೂ ಫೋನಿಗೆ ಮುಗಿಬಿದ್ದಾಗ ಸಾಲು ಕಟ್ಟಿಕೊಂಡಿತು. ಮರುದಿನ ಸಂಜೆಗೆ ಬಿಡುಗಡೆಯಾದದ್ದು ಶೇ. 62 ಪ್ರೆಸಿಂಕ್ಟ್‌ಗಳ ಲೆಕ್ಕ. ಪೂರ್ತಿ ಬರುವ ಹೊತ್ತಿಗೆ ಗುರುವಾರ. ನೂರಕ್ಕೂ ಹೆಚ್ಚು ಪ್ರೆಸಿಂಕ್ಟ್‌ಗಳ ಅಂಕಿಗಳು ತಮ್ಮೊಳಗೇ ತಾಳೆಯಾಗುತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ಜನ ಹೆಚ್ಚಾಗಿದ್ದದ್ದೂ ಉಂಟು, ಹೊಸಬರು ಬರುವಂತೆಯೇ ಇಲ್ಲದಿದ್ದರೂ! ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ವಿಜೇತರನ್ನು ಘೋಷಿಸಲು ಒಪ್ಪಲಿಲ್ಲ. ರಾಜ್ಯದ ಪಕ್ಷಾಧ್ಯಕ್ಷರು ಮುಂದಿನ ವಾರ ರಾಜೀನಾಮೆ ಕೊಟ್ಟರು.

ತಲೆ ಎಣಿಕೆಯಲ್ಲಿ ಸ್ಯಾಂಡರ್ಸ್ ಮುಂದು, ಡೆಲಿಗೇಟ್ ಲೆಕ್ಕದಲ್ಲಿ ಬುಟಿಜೆಜ್ ಕೂದಲೆಳೆಯಷ್ಟು ಮುಂದು ಆದದ್ದು ಹೇಗೆ ಎಂದರೆ, ಒಂದು ಪ್ರೆಸಿಂಕ್ಟ್‌ಗೆ ಎಷ್ಟು ಡೆಲಿಗೇಟ್ ಎಂಬುದು ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕೆ ಬಿದ್ದ ಮತದ ಮೇಲೆ ಮೊದಲೇ ನಿಗದಿಯಾಗಿರುತ್ತದೆ. ವಿಶ್ವವಿದ್ಯಾಲಯದ ಊರಲ್ಲಿ ಆ ರಾತ್ರಿ ಎರಡರಷ್ಟು ವಿದ್ಯಾರ್ಥಿಗಳು ಬಂದರೂ ಡೆಲಿಗೇಟ್ ಅಷ್ಟೇ. ಹಳ್ಳಿಯಲ್ಲಿ ಮೂವತ್ತೇ ಜನ ಸೇರಿದರೂ ಅವರ ಪಾಲು ಕಡಿಮೆಯಾಗದು.

ಇದಕ್ಕಿಂತ ದೊಡ್ಡ ತಕರಾರು, ಯಾರು ಬರಲು ಆಗುತ್ತದೆ ಅನ್ನುವುದು. ರಾತ್ರಿ ಪಾಳಿಯ ನರ್ಸ್, ಅಂಗಡಿಯ ಕೆಲಸಗಾರ, ಹಸುಗೂಸಿನ ತಾಯಿ, ಹಿಮದಲ್ಲಿ ನಡೆಯಲಾರದ ಮುದುಕರು ಹೊರಗೇ ಉಳಿದರು. ಬಂದವರೂ ಎಲ್ಲರೆದುರು ನಿಲ್ಲಬೇಕು. ನಿಮ್ಮ ಮೇಲಧಿಕಾರಿ ಒಂದು ಮೂಲೆಯಲ್ಲಿದ್ದು ನೀವು ಇನ್ನೊಂದು ಮೂಲೆಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಗುಪ್ತ ಮತದಾನ ಬಂದದ್ದೇ ಇದಕ್ಕಾಗಿ. 2020ರಲ್ಲಿ ಉಪ-ಕಾಕಸ್‌ಗಳನ್ನು ಏರ್ಪಡಿಸಿ ವೃದ್ಧಾಶ್ರಮ, ಕಾರ್ಖಾನೆಗಳಿಗೂ ಅವಕಾಶ ಕೊಟ್ಟರು. ಪ್ಯಾರಿಸ್, ಗ್ಲಾಸ್ಗೋ, ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲೂ ಅಯೋವಾದವರು ಸೇರಿದ್ದರು. ಒಂದು ಹೆಜ್ಜೆ, ಅಷ್ಟೇ.

ಬೇರೆ ನಿಯಮ, ಬೇರೆ ಮಾತು

ಅದೇ ಅಯೋವಾದ ರಿಪಬ್ಲಿಕನ್ನರದು ಕಾಕಸ್ ಎಂಬ ಹೆಸರೇ ಆದರೂ ವಿಧಾನ ಸರಳ. ಬೆಂಬಲಿಗರ ಚುಟುಕು ಭಾಷಣ, ಆಮೇಲೆ ಚೀಟಿಯಲ್ಲಿ ಗುಟ್ಟಾಗಿ ಹೆಸರು, ಎಣಿಕೆ. ಮೂಲೆ ಇಲ್ಲ, ಮಿತಿ ಇಲ್ಲ, ಎರಡನೇ ಸುತ್ತಿಲ್ಲ. ಹಾಗಾಗಿ ಎರಡನೇ ಆಯ್ಕೆಯವರ ಮನಸ್ಸು ನೋಯಬಾರದೆಂಬ ಹೆದರಿಕೆಯೂ ಇಲ್ಲ. ಎದುರಾಳಿಯನ್ನು ಹಣಿದಷ್ಟೂ ಲಾಭ. ಸರಳ ಎಂದ ಮಾತ್ರಕ್ಕೆ ತಪ್ಪು ನಡೆಯದೆ ಇರಲಿಲ್ಲ. 2012ರ ರಾತ್ರಿ ಮಿಟ್ ರಾಮ್ನಿ 8 ಮತಗಳಿಂದ ಮುಂದೆ ಎಂದರು. ಎರಡು ವಾರದ ಮೇಲೆ ಪ್ರಮಾಣೀಕರಿಸಿದ ಲೆಕ್ಕದಲ್ಲಿ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದೆ, 8 ಪ್ರೆಸಿಂಕ್ಟ್‌ಗಳ ಕಾಗದ ಸಿಗಲೇ ಇಲ್ಲ. 2024ರ ಜನವರಿ 15ರಂದು, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಚಳಿಯಲ್ಲಿ, ಟ್ರಂಪ್ ಶೇ. 51 ಪಡೆದು 99ರಲ್ಲಿ 98 ಕೌಂಟಿ ಗೆದ್ದರು. ಉಳಿದ ಜಾನ್ಸನ್ ಕೌಂಟಿಯನ್ನು ನಿಕ್ಕಿ ಹೇಲಿಗೆ ಸೋತದ್ದು ಒಂದೇ ಒಂದು ಮತದಿಂದ. ವಿವೇಕ್ ರಾಮಸ್ವಾಮಿ ಶೇ. 8ರ ಹತ್ತಿರ ಬಂದು ಅದೇ ರಾತ್ರಿ ಕಣ ಬಿಟ್ಟರು. ಅವರಿಗೆ ಬಿದ್ದ ಮತಗಳಿಗೆ ಎರಡನೇ ಸುತ್ತಿನಲ್ಲಿ ದಾರಿ ಹುಡುಕುವ ಅವಕಾಶ ಇರಲಿಲ್ಲ.

ಮಾಮೂಲು ಪ್ರೈಮರಿಯಲ್ಲಿ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ನಾಡಿನ ನಂಟಿರುವ ಒಂದು ಉದಾಹರಣೆ ಇದೆ, ಅಧ್ಯಕ್ಷ ಪದವಿಯದ್ದಲ್ಲದಿದ್ದರೂ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕಾಂಗ್ರೆಸ್ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದರು. ಒಂಬತ್ತು ಅಭ್ಯರ್ಥಿಗಳು, ಗೆದ್ದವರ ಪಾಲು ಶೇ. 28ರ ಆಸುಪಾಸು. ಉಳಿದ ಮತದಾರರ ಎರಡನೇ ಆಯ್ಕೆ ಯಾರೆಂದು ಆ ಪದ್ಧತಿ ಕೇಳುವುದೇ ಇಲ್ಲ. ಅಯೋವಾದ ಕೋಣೆಯಲ್ಲಿ ಅದೇ ಸ್ಪರ್ಧೆ ನಡೆದಿದ್ದರೆ ಅವರು ಸೋಲುತ್ತಿದ್ದರೋ ಗೆಲ್ಲುತ್ತಿದ್ದರೋ ಹೇಳಲಾಗದು. ಪ್ರಚಾರದ ಬಗೆಯಂತೂ ಬೇರೆ ಇರುತ್ತಿತ್ತು.

ಕೋಣೆಯಲ್ಲಿ ನಿಲ್ಲದೆಯೂ ಎರಡನೇ ಆಯ್ಕೆಯನ್ನು ಕೇಳುವ ದಾರಿ ಇದೆ. ಚೀಟಿಯಲ್ಲಿ 1, 2, 3 ಎಂದು ಕ್ರಮ ಬರೆಯುವುದು. 2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ನ ಡೆಮಾಕ್ರಟರು ಹಾಗೆ ಮಾಡಿದರು. ಶೇ. 15 ಮುಟ್ಟದವರ ಮತ ಮುಂದಿನ ಹೆಸರಿಗೆ ತಾನೇ ಸರಿಯುತ್ತದೆ. 2025ರ ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಪ್ರತಿಸ್ಪರ್ಧಿಗಳಾಗಿದ್ದೂ ‘ನನಗೆ ಮೊದಲು, ಅವರಿಗೆ ಎರಡನೆಯದು’ ಎಂದು ಪರಸ್ಪರ ಮತ ಕೇಳಿದ್ದು ಇದೇ ನಿಯಮದ ಫಲ. ಸ್ನೇಹ ಇರಬಹುದು, ಆದರೆ ಲೆಕ್ಕ ಖಂಡಿತ ಇತ್ತು.

2024ಕ್ಕೆ ಡೆಮಾಕ್ರಟಿಕ್ ಪಕ್ಷ ಅಯೋವಾವನ್ನು ಮೊದಲ ಸ್ಥಾನದಿಂದ ಇಳಿಸಿತು. ಫೆಬ್ರವರಿ 3ರ ದಕ್ಷಿಣ ಕ್ಯಾರೊಲಿನಾ ಪ್ರೈಮರಿ ಅಧಿಕೃತವಾಗಿ ಮೊದಲನೆಯದಾಯಿತು. ಅಯೋವಾದ ಡೆಮಾಕ್ರಟರು ಜನವರಿಯಲ್ಲಿ ಸೇರಿದ್ದು ಪಕ್ಷದ ಕೆಲಸಕ್ಕಷ್ಟೇ. ಅಧ್ಯಕ್ಷೀಯ ಆಯ್ಕೆಯ ಚೀಟಿ ಅಂಚೆಯಲ್ಲಿ ಹೋಗಿ ಬಂತು, ಫಲಿತಾಂಶ ಮಾರ್ಚ್ 5ಕ್ಕೆ. ವಿಚಿತ್ರವೆಂದರೆ, ಅವರು ಬಿಟ್ಟ ಆಟವನ್ನು ಅದೇ ವರ್ಷ ಮಾರ್ಚ್ 2ರಂದು ಮಿಸ್ಸೌರಿಯ ರಿಪಬ್ಲಿಕನ್ನರು ಆಡಿದರು. ಅಲ್ಲಿನ ಶಾಸನಸಭೆ ಸರ್ಕಾರಿ ಪ್ರೈಮರಿಯನ್ನು ರದ್ದು ಮಾಡಿದ್ದರಿಂದ ಟ್ರಂಪ್ ಕಡೆಯವರು ಒಂದು ಬದಿ, ಹೇಲಿ ಕಡೆಯವರು ಒಂದು ಬದಿ ನಿಂತು ತಲೆ ಎಣಿಸಿಕೊಂಡರು.

ಅಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆಗೆ ಉತ್ತರ: ಮತ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ಪ್ರಚಾರಕ್ಕೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಎಚ್-1ಬಿ ವೀಸಾದವರು ದೇಣಿಗೆಯನ್ನೂ ಕೊಡುವಂತಿಲ್ಲ, ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕೆಲಸ ಮಾಡಬಹುದು. ಅಯೋವಾ ಡೆಮಾಕ್ರಟರ ಸಭೆಗಳಿಗೆ ವೀಕ್ಷಕರಾಗಿ ಹೋಗಿ ಕೂರಲು ಅಡ್ಡಿ ಇರಲಿಲ್ಲ. ಆದರೆ ಬಾಗಿಲಲ್ಲಿ ಮತದಾರರ ಸಾಲು ಬಿಟ್ಟು ವೀಕ್ಷಕರೆಂದು ಹೆಸರು ಬರೆಸಬೇಕಿತ್ತು, ಅವರಿಗೆಂದು ತೋರಿಸಿದ ಜಾಗದಲ್ಲೇ ಕೂರಬೇಕಿತ್ತು. ತಲೆ ಎಣಿಸುವ ಹೊತ್ತಿಗೆ ಯಾವ ಮೂಲೆಯ ಹತ್ತಿರವೂ ಸುಳಿಯಬಾರದಿತ್ತು.